ವೋಲ್ಟ್, ಆಂಪಿಯರ್ ಗೊತ್ತಿದ್ದರೆ ಸಾಕಾ?

ಕೇಳುಗರೇ, ನಮಸ್ಕಾರ. ಇವತ್ತು ಕರೆಂಟಿನ ಒಂದು ಸಣ್ಣ ಲೆಕ್ಕ: ವೋಲ್ಟ್, ಆಂಪಿಯರ್ ಗೊತ್ತಿದ್ದರೆ ರೋಧ, ಪವರ್ ಕಂಡುಹಿಡಿಯುವುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಪೆನ್ನು ಹತ್ತಿರ ಇದ್ದರೆ ಇಟ್ಟುಕೊಳ್ಳಿ, ಅಂಕಿಗಳು ಸ್ವಲ್ಪ ಜಾಸ್ತಿ ಬರುತ್ತವೆ.

ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡದ ಅಳತೆ, ಆಂಪಿಯರ್ ಅಂದರೆ ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವ ಅಳತೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ ಸಿಗುತ್ತದೆ, ಓಮ್ ಲೆಕ್ಕದಲ್ಲಿ. ಅವೆರಡನ್ನೇ ಗುಣಿಸಿದರೆ ಪವರ್, ವ್ಯಾಟ್ ಲೆಕ್ಕದಲ್ಲಿ. 12 ವೋಲ್ಟ್ ಬ್ಯಾಟರಿಗೆ ಹಾಕಿದ ಬಲ್ಬಿನಲ್ಲಿ 3 ಆಂಪಿಯರ್ ಹರಿಯುತ್ತಿದೆ ಅನ್ನಿ. ರೋಧ 4 ಓಮ್, ಪವರ್ 36 ವ್ಯಾಟ್. ಮೀಟರ್ ಮಿಲಿಆಂಪಿಯರ್ ತೋರಿಸುತ್ತಿದ್ದರೆ ಮೊದಲು ಸಾವಿರದಿಂದ ಭಾಗಿಸಿ, ಇಲ್ಲದಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ. ವೋಲ್ಟ್, ಆಂಪಿಯರ್, ರೋಧ ಇವುಗಳ ಸಂಬಂಧವನ್ನು ಜರ್ಮನಿಯ ಜಾರ್ಜ್ ಓಮ್ 1827ರಲ್ಲೇ ಪುಸ್ತಕ ಬರೆದು ಹೇಳಿದ್ದ.

ಇಷ್ಟೇನಾ? ಇಷ್ಟೇ. ಆದರೆ ಮಜಾ ಇರುವುದು ಇದರ ಮುಂದೆ.

ಹಳೆಯ ಕಾಲದ ತಂತಿ ಬಲ್ಬ್ ತೆಗೆದುಕೊಳ್ಳಿ, 230 ವೋಲ್ಟ್, 60 ವ್ಯಾಟ್. ಉರಿಯುವಾಗ ಅದರಲ್ಲಿ ಹರಿಯುವುದು ಸುಮಾರು 0.26 ಆಂಪಿಯರ್. ಭಾಗಿಸಿದರೆ ರೋಧ 880 ಓಮ್ ಆಸುಪಾಸು. ಈಗ ಅದೇ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ತಣ್ಣಗಾದ ಮೇಲೆ ಮಲ್ಟಿಮೀಟರ್, ಅಂದರೆ ರೋಧವನ್ನೂ ಅಳೆಯುವ ಮೀಟರ್, ಹಿಡಿದು ನೋಡಿ. ನೂರು ಓಮ್ ಕೂಡ ತೋರಿಸುವುದಿಲ್ಲ! ಮೀಟರ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಟಂಗ್‌ಸ್ಟನ್ ತಂತಿ ಬಿಳಿ ಬೆಳಕು ಬರುವಷ್ಟು ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಸ್ವಿಚ್ ಹಾಕಿದ ಆ ಕ್ಷಣ ತಂತಿ ಇನ್ನೂ ತಣ್ಣಗಿರುತ್ತದೆ ಅಲ್ವಾ, ಆಗ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ನುಗ್ಗುತ್ತದೆ. ಇಂಥ ಬಲ್ಬುಗಳು ಬಹಳ ಸಲ ಸ್ವಿಚ್ ಹಾಕಿದಾಗಲೇ ಫಟ್ ಅಂತ ಹೋಗುವುದು ಇದಕ್ಕೇ. ಅದಕ್ಕೇ ವೋಲ್ಟ್, ಆಂಪಿಯರ್ ಎರಡನ್ನೂ ಉಪಕರಣ ಓಡುತ್ತಿರುವಾಗ, ಒಂದೇ ಹೊತ್ತಿನಲ್ಲಿ ಅಳೆಯಬೇಕು.

ಹೀಟರ್ ಕಾಯಿಲಿನಲ್ಲಿ ಇಷ್ಟು ಏರುಪೇರಿಲ್ಲ, ಅದರ ರೋಧ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. 230 ವೋಲ್ಟಿಗೆ 2000 ವ್ಯಾಟ್ ಹೀಟರ್ ಅಂದರೆ 8.7 ಆಂಪಿಯರ್, ರೋಧ 26.5 ಓಮ್. ವೋಲ್ಟೇಜ್ 200ಕ್ಕೆ ಇಳಿಯಿತು ಅಂದುಕೊಳ್ಳಿ. ವೋಲ್ಟ್ ಇಳಿದದ್ದು ನೂರಕ್ಕೆ ಹದಿಮೂರು, ಪವರ್ ಕೂಡ ಅಷ್ಟೇ ಇಳಿಯುತ್ತದೆ ಅಂತ ಸುಮ್ನೆ ಅಂದಾಜು ಮಾಡಬೇಡಿ. ವೋಲ್ಟ್ ಇಳಿದಾಗ ಆಂಪಿಯರ್ ಕೂಡ ಇಳಿಯುತ್ತದೆ, ಸುಮಾರು 7.56ಕ್ಕೆ ಬರುತ್ತದೆ. ಎರಡನ್ನೂ ಗುಣಿಸಿ: ಸುಮಾರು 1510 ವ್ಯಾಟ್. ಹತ್ತಿರ ಹತ್ತಿರ ಕಾಲು ಭಾಗ ಖೋತಾ! ನೀರು ಬೇಗ ಕಾಯುವುದಿಲ್ಲ ಅಂತ ಹೀಟರನ್ನು ಬೈಯುವ ಮೊದಲು ವೋಲ್ಟೇಜ್ ನೋಡುವುದು ಒಳ್ಳೆಯದು.

ಇದೇ ಹೀಟರಿಗೆ ತೆಳ್ಳಗಿನ ಉದ್ದ ವೈರ್ ಎಳೆದು, ಆ ವೈರಿನ ರೋಧವೇ ಅರ್ಧ ಓಮ್ ಇದ್ದರೆ? ಆಂಪಿಯರಿನ ವರ್ಗವನ್ನು ರೋಧದಿಂದ ಗುಣಿಸಿದರೂ ವ್ಯಾಟ್ ಸಿಗುತ್ತದೆ. 8 ಆಂಪಿಯರ್ ಹರಿದರೂ 8ರ ವರ್ಗ 64, ಅದರ ಅರ್ಧ 32 ವ್ಯಾಟ್ ಬಿಸಿ ವೈರಿನಲ್ಲೇ. ಸುರುಳಿ ಸುತ್ತಿ ಇಟ್ಟರಂತೂ ಆ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗಬಹುದು.

ಫ್ಯಾನ್, ಮೋಟಾರುಗಳಿಗೆ ಮಾತ್ರ ಈ ಲೆಕ್ಕ ನೇರವಾಗಿ ಕೂರುವುದಿಲ್ಲ. ಎಸಿ ಕರೆಂಟಿನಲ್ಲಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಮನೆಯ ಕರೆಂಟಿನಲ್ಲಿ, ಅವುಗಳ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದು ಬರೀ ತಂತಿಯ ರೋಧವಲ್ಲ, ಮೋಟಾರಿನೊಳಗಿನ ಸುರುಳಿ ಒಡ್ಡುವ ತಡೆಯೂ ಅದರಲ್ಲಿ ಸೇರಿರುತ್ತದೆ. ಗುಣಿಸಿದಾಗ ಬಂದ ಅಂಕಿಯನ್ನು ಪವರ್ ಫ್ಯಾಕ್ಟರ್ ಅನ್ನುವ, ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆಯಿಂದ ಮತ್ತೆ ಗುಣಿಸಿದರೇನೇ ನಿಜವಾದ ವ್ಯಾಟ್ ಸಿಗುವುದು.