ಪಂದ್ಯ ಇಲ್ಲದ ದಿನದ ಸ್ಟೇಡಿಯಂ

(ಮಡಗಾಂವದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಫ್ಯಾನಿನ ಕೆಳಗೇ ಒತ್ತಿಕೊಂಡು ಕೂತಿರುವ ಬಂಧುಗಳೇ,

ಕಾರ್ಯದರ್ಶಿಗಳು ಫೋನ್ ಮಾಡಿ, "ಸರ, ಫುಟ್ಬಾಲ್ ಬಗ್ಗೆ ಒಂದು ನಲವತ್ತು ನಿಮಿಷ ಮಾತಾಡ್ರಿ" ಅಂದರು. ಆಫ್‌ಸೈಡ್ ಅಂದ್ರೇನು ಅಂತ ನನ್ನ ಮೊಮ್ಮಗಳು ಇವತ್ತಿಗೂ ಬಿಡಿಸಿ ಹೇಳುತ್ತಲೇ ಇದ್ದಾಳೆ. ನನಗೆ ಗೊತ್ತಿರೋದು ಗೋಡೆ, ಗಟಾರ, ಪ್ಲಾಸ್ಟರು. ಜೀವನವೆಲ್ಲ ಸೈಟಿನಲ್ಲಿ ಕಳೆದ ಸಿವಿಲ್ ಇಂಜಿನಿಯರ್ ನಾನು. ಅದಕ್ಕೇ ಇವತ್ತು ಸ್ಟೇಡಿಯಮ್ಮಿನ ಒಳಗೆ ಹೋಗೋದಿಲ್ಲ, ಹೊರಗೇ ನಿಂತು ಮಾತಾಡ್ತೀನಿ.

ಇಲ್ಲಿ ಮಡಗಾಂವದ ಫಾತೋರ್ಡಾ ಸ್ಟೇಡಿಯಮ್ಮಿನ ಹೊರಭಾಗ, ಸುತ್ತಲಿನ ಜಾಗ ಸುಧಾರಿಸಿ ಅಂತ ನಮ್ಮವರು ಒಂದು ಮನವಿ ಸಿದ್ಧ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಕರಡಿನಲ್ಲಿ ಮೊದಲನೇ ಬೇಡಿಕೆ ಏನು ಗೊತ್ತಾ? "ಗೋಡೆಗಳಿಗೆ ಆಕರ್ಷಕ ಬಣ್ಣ ಹಚ್ಚಬೇಕು." ಎರಡನೆಯದು, "ವಿದ್ಯುದ್ದೀಪಾಲಂಕಾರ". ಇದನ್ನು ಓದಿದ ಮೇಲೆ ನಾನು ಸುಮ್ಮನಿರೋದು ಸಾಧ್ಯವಿರಲಿಲ್ಲ.

ಒಂದು ಲೆಕ್ಕ ನೋಡಿ. ಐಎಸ್ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಸೀಸನ್ ಪೂರ್ತಿ ನಡೆದರೂ ನಮ್ಮ ಕ್ಲಬ್ಬು ಎಫ್‌ಸಿ ಗೋವಾ ಇಲ್ಲಿ ತವರಿನಲ್ಲಿ ಆಡೋದು ಹತ್ತು, ಹನ್ನೆರಡು ಲೀಗ್ ಪಂದ್ಯ. ಕಪ್ ಟೂರ್ನಿ, ಏಷ್ಯಾ ಪಂದ್ಯ ಅಂತ ಇನ್ನೊಂದಿಷ್ಟು ಸೇರಿಸಿ. ಉಳಿದ ಮುನ್ನೂರ ಚಿಲ್ಲರೆ ದಿನ ಊರಿನ ನಡುವೆ ಅಷ್ಟು ದೊಡ್ಡ ಕಟ್ಟಡ ಬಾಗಿಲು ಹಾಕಿಕೊಂಡು ನಿಂತಿರುತ್ತದೆ. ಟಿಕೆಟ್ ತೊಗೊಂಡವನಿಗೆ ಒಳಗಿನ ಹುಲ್ಲು ಕಾಣುತ್ತದೆ. ಕದಂಬ ಬಸ್‌ಸ್ಟ್ಯಾಂಡಿನಿಂದ ದಿನಾ ನಡೆದು ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಕಾಣೋದು ಹೊರಗೋಡೆ ಮಾತ್ರ. ಹೊರಭಾಗ ಸುಧಾರಿಸಬೇಕು ಅನ್ನುವವರು ಮೊದಲು ಪಂದ್ಯ ಇಲ್ಲದ ದಿನವನ್ನು ಯೋಚಿಸಬೇಕು. ಇದೊಂದೇ ನನ್ನ ಮಾತು. ಮುಂದೆಯೂ ಇದನ್ನೇ ಹೇಳ್ತಿರ್ತೀನಿ, ಬೇಸರ ಮಾಡ್ಕೋಬೇಡಿ.

ನಮ್ಮೂರುಗಳಲ್ಲಿ ತೇರು ಎಳೆಯೋದು ವರ್ಷಕ್ಕೊಂದು ದಿನ. ತೇರು ಇಲ್ಲ ಅಂತ ರಥಬೀದಿಗೆ ಯಾರಾದರೂ ಬೀಗ ಹಾಕ್ತಾರಾ? ಅಲ್ಲಿ ಹೂವಿನಂಗಡಿ, ಬಳೆಯಂಗಡಿ, ಕಟ್ಟೆ ಮೇಲೆ ಮುದುಕರು, ಸಂಜೆ ಹುಡುಗರ ಲಗೋರಿ. ಬೀದಿ ವರ್ಷವೆಲ್ಲ ಬದುಕಿರೋದಕ್ಕೇ ತೇರಿನ ದಿನ ಅಷ್ಟು ಜನ ಸೇರುತ್ತಾರೆ. ಸ್ಟೇಡಿಯಂ ಕಟ್ಟುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಕೆಲವರು ಮೊದಲೇ ಕೇಳಿದ್ದೀರಿ, ಅದಾಗಲೇ ನಗ್ತಿದ್ದೀರಿ. ಪರವಾಗಿಲ್ಲ.

ಬಾದಾಮಿ ಕಡೆಯ ಒಬ್ಬ ಗೌಂಡಿ ಅಜ್ಜ. ಗೋವೆಗೆ ಬಂದು ಬಹಳ ವರ್ಷ. ಇಲ್ಲಿನ ಒಂದು ಮೈದಾನದ ಕಂಪೌಂಡ್ ಗೋಡೆ ಕಟ್ಟಿದವರಲ್ಲಿ ಆತನೂ ಒಬ್ಬ. ಯಾವ ಮೈದಾನ ಅಂತ ಕೇಳಬೇಡಿ, ಹೇಳೋದಿಲ್ಲ. ಊರಿಂದ ಮೊಮ್ಮಗಳು ಬಂದಿದ್ದಳು, ಸೂಟಿಗೆ. ಅಜ್ಜನಿಗೆ ತಾನು ಕಟ್ಟಿದ್ದು ತೋರಿಸೋ ಹುಕಿ. ಒಂದು ಭಾನುವಾರ ಕರಕೊಂಡು ಹೋದ. ಗೇಟಿನಲ್ಲಿ ವಾಚ್‌ಮನ್ನು, "ಆಯ್ಜ್ ಮ್ಯಾಚ್ ನಾ" ಅಂದ, ಇವತ್ತು ಪಂದ್ಯ ಇಲ್ಲ ಅಂತ. ಅಜ್ಜ ಹೇಳಿದ, "ಮ್ಯಾಚ್ ಯಾರಿಗಿ ಬೇಕೋ ಮಾರಾಯಾ, ಗ್ವಾಡಿ ನೋಡ್ತೀವಿ." ವಾಚ್‌ಮನ್ನಿಗೆ ಅರ್ಥ ಆಗಲಿಲ್ಲ. ಗೋಡೆ ನೋಡೋಕೆ ಬಂದವರನ್ನು ಅವನು ಅಲ್ಲಿಯತನಕ ಕಂಡಿರಲಿಲ್ಲ.

ಸರಿ, ಹೊರಗಿಂದಲೇ ತೋರಿಸೋಣ ಅಂತ ಇಬ್ಬರೂ ಸುತ್ತು ಹಾಕಿದರು. ನಾನೂ ಜೊತೆಗಿದ್ದೆ. ಮುಂದಿನ ಬದಿ ಪೂರ್ತಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್. ಪಕ್ಕದಲ್ಲಿ ಕೆಟ್ಟು ನಿಂತ ಟೆಂಪೊಗಳು, ಟೈರಿನೊಳಗೆ ಹುಲ್ಲು ಬೆಳೆದಿದೆ. ಮೂರನೇ ಬದಿಗೆ ಒಡೆದ ಫರಸಿ, ಹಳೆ ಕಬ್ಬಿಣದ ರಾಶಿ. ಹುಡುಗಿ ಕೇಳಿದಳು, "ಯಜ್ಜಾ, ನೀ ಕಟ್ಟಿದ್ದು ಯಾವುದು?" "ಅಕಾ, ಆ ನಗೂ ಮಾರಿ ಐತಲ್ಲ, ಅದರ ಹಿಂದ ಐತವಾ." ಅಷ್ಟಾದ ಮೇಲೆ ಮೂತ್ರಿಖಾನೆಯ ಹಿಂದೆ ನಾಲ್ಕು ಮಾರು ಗೋಡೆ ಬರಿಯದು ಸಿಕ್ಕಿತು. ಅಜ್ಜ ಅಂಗೈ ಇಟ್ಟು ಕಲ್ಲಿನ ಸಂದು ಸವರಿ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಓಳಿ ಸರಿ ಇದೆಯಾ ಅಂತ ನೋಡಿದ. ನಾನು, "ಭಾಳ ಚಂದ ಕಟ್ಟೀರಿ" ಅಂದೆ. ಆತ ಮುಖ ಗಂಟು ಹಾಕಿ, "ಸಾಹೇಬ್ರ, ಇದು ನಂದಲ್ಲ ಬಿಡ್ರಿ. ಇದನ್ನ ಯಾವನೋ ಕುಡದು ಕಟ್ಟ್ಯಾನ!"

(ನಗು)

ನನ್ನ ಮಾತನ್ನು ಆ ವಾಚ್‌ಮನ್ನೇ ನನಗಿಂತ ಚೆನ್ನಾಗಿ ಹೇಳಿಬಿಟ್ಟ. ಪಂದ್ಯ ಇಲ್ಲದ ದಿನ ಅಲ್ಲಿ ಏನೂ ಇಲ್ಲ ಅನ್ನೋದು ನಮ್ಮ ವ್ಯವಸ್ಥೆಯ ನಂಬಿಕೆ.

ಬೇರೆ ಕಡೆ ಏನು ಮಾಡಿದರು? ಲಂಡನ್ನಿನ ಆರ್ಸೆನಲ್ ಕ್ಲಬ್ಬು 2006ರಲ್ಲಿ ತನ್ನ ಹಳೆಯ ಮೈದಾನ ಹೈಬರಿ ಬಿಟ್ಟು ಹತ್ತಿರದಲ್ಲೇ ಅರವತ್ತು ಸಾವಿರ ಜನ ಹಿಡಿಸುವ ಎಮಿರೇಟ್ಸ್ ಸ್ಟೇಡಿಯಮ್ಮಿಗೆ ಹೋಯಿತು. ಗಾಜು, ಉಕ್ಕು, ಕಾಂಕ್ರೀಟು, ಎಲ್ಲ ಥಳಥಳ. ಅಭಿಮಾನಿಗಳಿಗೆ ಮಾತ್ರ ಒಗ್ಗಲಿಲ್ಲ. ಇದು ಯಾರ ಮನೆ, ನಮ್ಮದೋ, ಹೆಸರು ಕೊಟ್ಟ ವಿಮಾನ ಕಂಪನಿಯದೋ ಅಂತ ಗೊಣಗಿದರು. 2009ರಲ್ಲಿ ಕ್ಲಬ್ಬು ಹೊರಮೈಗೆ ಕೈಹಾಕಿತು. ಎಂಟು ಬೃಹತ್ ಚಿತ್ರಗಳು, ಪ್ರತಿಯೊಂದರಲ್ಲೂ ನಾಲ್ವರು ಹಳೆಯ ಆಟಗಾರರು, ಒಟ್ಟು 32 ಜನ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಬೆನ್ನು ತೋರಿಸಿ ನಿಂತಿದ್ದಾರೆ. ಇಡೀ ಕಟ್ಟಡವನ್ನೇ ಅಪ್ಪಿಕೊಂಡ ಹಾಗೆ. 2011ರಲ್ಲಿ ಹಳೆಯ ಮ್ಯಾನೇಜರ್ ಚಾಪ್ಮನ್, ಆಟಗಾರರಾದ ಆಡಮ್ಸ್, ಆನ್ರಿ ಇವರ ಪ್ರತಿಮೆಗಳು ಬಂದವು. ಹಳೆಯ ಮೈದಾನದ ಗಡಿಯಾರವನ್ನು ತಂದು ಹೊರಗೋಡೆಗೆ ಹಾಕಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆಲ. ಸಾಮಾನ್ಯ ಅಭಿಮಾನಿಗಳ ಹೆಸರು ಕೆತ್ತಿದ ಕಲ್ಲುಗಳನ್ನು ಅಂಗಳಕ್ಕೆ ಹಾಸಿದ್ದಾರೆ. ಅಪ್ಪನ ಹೆಸರು ಹುಡುಕೋಕೆ ಮಂಗಳವಾರ ಮಧ್ಯಾಹ್ನವೂ ಮಗ ಬರಬಹುದು. ಟಿಕೆಟ್ ಬೇಡ, ಪಂದ್ಯವೂ ಬೇಡ.

ನಮ್ಮ ಗೌಂಡಿ ಅಜ್ಜನ ಹೆಸರೂ ಹಾಗೇ ಒಂದು ಕಲ್ಲಿನ ಮೇಲೆ ಇದ್ದಿದ್ದರೆ ಅಂತ ಅನ್ನಿಸೋದು ತಪ್ಪಾ? ಆಟಗಾರರ ಹೆಸರು ಇರಲಿ, ಕಟ್ಟಿದವರದ್ದೂ ಇರಲಿ. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಎಷ್ಟೋ ಹೆಸರು ಬರ್ತಾವೆ. "ನಾವು ಹೊರಗಿನವರು, ನಮಗ್ಯಾಕೆ" ಅಂತ ಹಿಂದೆ ಯಾರೋ ಅಂದರು, ಕೇಳಿಸಿತು. ಹೊರಗೋಡೆ ವಿಷಯ ಹೊರಗಿನವರು ಮಾತಾಡದೆ ಇನ್ಯಾರು ಮಾತಾಡಬೇಕು ಸ್ವಾಮಿ?

ಈಗ ಬಣ್ಣದ ವಿಷಯ. ಇದು ನನ್ನ ಕಸುಬು, ಸ್ವಲ್ಪ ಸಹಿಸಿಕೊಳ್ಳಿ.

ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೊತೆಗೆ ಸಮುದ್ರದ ಉಪ್ಪುಗಾಳಿ. ಇಲ್ಲಿನ ಕೆಂಪು ಚಿರೇಕಲ್ಲು ತುಂಬ ರಂಧ್ರಗಳಿರುವ ಕಲ್ಲು. ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದು, ಪ್ಲಾಸ್ಟಿಕ್‌ನಂಥ ಬಣ್ಣ ಹೊಡೆದರೆ ಕುಡಿದ ನೀರು ಹೊರಗೆ ಬರೋಕೆ ದಾರಿ ಇಲ್ಲ. ಮೊದಲು ಗುಳ್ಳೆ, ಆಮೇಲೆ ಹಪ್ಪಳೆ. ಬಣ್ಣ ನಿಂತ ಕಡೆಯೂ ಎರಡು ಮಳೆಗಾಲಕ್ಕೆ ಕಪ್ಪು ಪಾಚಿ. ದೊಡ್ಡ ಟೂರ್ನಿ ಬಂದಾಗ ಬಣ್ಣ, ಚುನಾವಣೆ ಬಂದಾಗ ಬಣ್ಣ. ಮಳೆ ಮಾತ್ರ ಯಾವುದಕ್ಕೂ ಕಾಯದೆ ಪ್ರತಿ ಜೂನಿಗೆ ಬರುತ್ತದೆ. ಅದಕ್ಕೆ ನಾನು ಹೇಳೋದು, ಕಲ್ಲಿದ್ದಲ್ಲಿ ಕಲ್ಲನ್ನು ಬಿಡಿ. ಸಂದುಗಳನ್ನು ಚೊಕ್ಕ ಮಾಡಿ. ಗೋಡೆಯ ನೆತ್ತಿಗೆ ಇಳಿಜಾರು ಮಾಡಿ, ಅಂಚು ಎರಡು ಇಂಚು ಮುಂದಕ್ಕೆ ಚಾಚಲಿ, ನೀರು ಗೋಡೆ ಮೇಲೆ ಹರಿಯದೆ ದೂರ ಬೀಳಲಿ. ಇದು ಬಣ್ಣಕ್ಕಿಂತ ಅಗ್ಗ. ಆದರೆ ಇದನ್ನು ಉದ್ಘಾಟನೆ ಮಾಡೋಕೆ ಬರೋದಿಲ್ಲ, ಅದೇ ತೊಂದರೆ.

ಚಿತ್ರ ಬೇಕು ಅಂದರೆ ಹೆಂಚುಬಿಲ್ಲೆ ಇದೆ. ಪಣಜಿಯ ಫೊಂಟೆನ್ಯಾಸ್ ಬೀದಿಗಳಲ್ಲಿ ಮನೆಮನೆಗೂ ನೀಲಿ ಬಿಳಿ ಅಝುಲೇಝು, ಅಂದರೆ ಪೋರ್ಚುಗೀಸ್ ಶೈಲಿಯ ಬಿಲ್ಲೆಯ ನಾಮಫಲಕ ಇವೆಯಲ್ಲ, ಅದು. ಆಝಾದ್ ಮೈದಾನದ ಪಕ್ಕದ ಮೆನೆಝಿಸ್ ಬ್ರಗಾಂಝಾ ಸಂಸ್ಥೆಯ ಪಡಸಾಲೆಯಲ್ಲಿ 1935ರ ಕಾಲದ ದೊಡ್ಡ ಬಿಲ್ಲೆಚಿತ್ರಗಳಿವೆ, ಹೋಗಿ ನೋಡಿ. ಬಿಲ್ಲೆಯ ಮೈಮೇಲೆ ಗಾಜಿನಂಥ ಲೇಪ ಇರೋದರಿಂದ ಮಳೆ ನೀರು ಜಾರಿ ಹೋಗುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೊಸದು. ಗೋವೆಯ ಫುಟ್ಬಾಲ್ ಕಥೆಯನ್ನೆಲ್ಲ ಅದರಲ್ಲಿ ಬರೆಯಬಹುದು. 1883ರಲ್ಲಿ ಸಿಯೋಲಿಮ್‌ನಲ್ಲಿ ಫಾದರ್ ಲಯನ್ಸ್ ಹುಡುಗರಿಗೆ ಚೆಂಡು ಕೊಟ್ಟಲ್ಲಿಂದ ಶುರು ಮಾಡಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಗೋವೆಯ ಮೂಲದವರು. ಅದೇ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು, ಅದನ್ನೂ ಒಂದು ಮೂಲೆಯಲ್ಲಿ ಸೇರಿಸಿದರೆ ಯಾರೂ ಜಗಳ ಆಡಲಿಕ್ಕಿಲ್ಲ. ರಾಷ್ಟ್ರೀಯ ಲೀಗನ್ನು ಐದು ಸಲ ಗೆದ್ದ ಡೆಂಪೊ, ಸಾಲಗಾಂವ್ಕರ್, ಚರ್ಚಿಲ್ ಬ್ರದರ್ಸ್, ಗೋವೆಯ ಈ ಹಳೆಯ ಕ್ಲಬ್ಬುಗಳೆಲ್ಲ ಬರಬೇಕು. ಈಗಿನ ಕ್ಲಬ್ಬು ಎಫ್‌ಸಿ ಗೋವಾ ಹುಟ್ಟಿದ್ದು 2014ರಲ್ಲಿ. ಊರಿನ ನೆನಪು ಅದಕ್ಕಿಂತ ಬಹಳ ಹಳೆಯದು.

ಪ್ರತಿಮೆ ಅಂದಕೂಡಲೇ ಎಲ್ಲರಿಗೂ ಕಲಂಗುಟ್ ನೆನಪಾಗುತ್ತದೆ. 2021ರ ಡಿಸೆಂಬರಿನಲ್ಲಿ ಅಲ್ಲಿ ರೊನಾಲ್ಡೊನ ನಾಲ್ಕು ಕ್ವಿಂಟಾಲಿನ ಹಿತ್ತಾಳೆ ಮೂರ್ತಿ ನಿಲ್ಲಿಸಿದರು. ಕಪ್ಪು ಬಾವುಟ ಬಂತು. ಗೋವೆಯವರೇ ಆದ ಆಟಗಾರರು ಬ್ರಹ್ಮಾನಂದ ಸಂಖವಾಳ್ಕರ್, ಬ್ರೂನೊ ಕುಟಿನ್ಹೊ ಇರುವಾಗ ಇವನ್ಯಾಕೆ ಅಂತ ಕೇಳಿದರು. ತಮಾಷೆ ಅಂದರೆ 2025ರ ಅಕ್ಟೋಬರಿನಲ್ಲಿ ಅವನದೇ ಅಲ್ ನಸ್ರ್ ತಂಡ ಫಾತೋರ್ಡಾಕ್ಕೇ ಆಡಲು ಬಂತು, ರೊನಾಲ್ಡೊ ಬರಲಿಲ್ಲ. ಮೂರ್ತಿಯಾದರೂ ಇದೆಯಲ್ಲ ಅಂತ ಕಲಂಗುಟ್‌ನವರು ಸಮಾಧಾನ ಮಾಡಿಕೊಂಡಿರಬೇಕು. ವಿದೇಶಿ ಆಟಗಾರನ ಮೂರ್ತಿಯೇ ತಪ್ಪು ಅಂತ ನಾನು ಹೇಳೋದಿಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೆಸಾ ಜೊತೆಗೆ ಪೆಲೆ ಇದ್ದಾನೆ. ಅಲ್ಲಿ ಯಾರೂ ಕಪ್ಪು ಬಾವುಟ ಹಿಡಿಯಲಿಲ್ಲ, ಯಾಕೆಂದರೆ ಆ ಓಣಿಯ ಜನಕ್ಕೆ ಪೆಲೆ ಅವರ ಮನೆಯವನೇ. ಅವನ ಮುಂದೆಯೇ ಹುಡುಗರು ಓಡಾಡುತ್ತಾರೆ, ದಿನಾ. ಮತ್ತೆ ಅಲ್ಲಿಗೇ ಬಂದೆ ನೋಡಿ, ಪಂದ್ಯ ಇಲ್ಲದ ದಿನ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ. ನನ್ನ ಟಿಪ್ಪಣಿಯಲ್ಲಿ ಇನ್ನೂ ನಾಲ್ಕು ಹಾಳೆ ಇದೆ.

ಮ್ಯೂನಿಕ್ಕಿನ ಅಲಿಯಾನ್ಸ್ ಅರೇನಾ, 2,874 ಗಾಳಿದಿಂಬಿನಂಥ ಹೊದಿಕೆಗಳು, ರಾತ್ರಿ ಕೆಂಪು ದೀಪ, ಬಿಟ್ಟೆ. ಅದರ ಫೋಟೊ ನೋಡಿ ಇಲ್ಲಿ ಎಲ್‌ಇಡಿ ಸರ ಕಟ್ಟಬೇಡಿ, ಅಷ್ಟು ಸಾಕು. ಲಿವರ್‌ಪೂಲಿನಲ್ಲಿ ಹಳೆಯ ಮ್ಯಾನೇಜರ್ ಶ್ಯಾಂಕ್ಲಿ ಹೆಸರಿನ ಗೇಟು, ಅದೂ ಬಿಟ್ಟೆ.

ಒಂದನ್ನು ಬಿಡೋಕಾಗೋದಿಲ್ಲ. ಯಾರು ದುಡ್ಡು ಹಾಕಬೇಕು? ಆರ್ಸೆನಲ್‌ಗೆ ಸ್ವಂತ ಮನೆ. ನಮ್ಮಲ್ಲಿ ಕ್ಲಬ್ಬು ಬಾಡಿಗೆಗೆ ಇರೋದು. ಫಾತೋರ್ಡಾ ಸರ್ಕಾರದ್ದು, ಬೆಂಗಳೂರಿನ ಕಂಠೀರವವೂ ಸರ್ಕಾರದ್ದೇ. ಬಾಡಿಗೆದಾರ ಮೊಳೆ ಹೊಡೆಯೋಕೂ ಹೆದರುತ್ತಾನೆ, ಮಾಲೀಕ ಬಾಡಿಗೆದಾರನಿಗಾಗಿ ಖರ್ಚು ಮಾಡೋದಿಲ್ಲ, ಫುಟ್‌ಪಾತ್ ನಗರಪಾಲಿಕೆಯದ್ದು. ಮೂವರೂ ಒಂದು ಕಾಗದದ ಮೇಲೆ ಸಹಿ ಮಾಡಬೇಕು. ಗೋಡೆ, ಗಟಾರ ಸರ್ಕಾರಕ್ಕೆ, ಬಿಲ್ಲೆ, ಪ್ರತಿಮೆ ಕ್ಲಬ್ಬಿಗೆ, ನಡೆಯೋ ದಾರಿ ಪಾಲಿಕೆಗೆ, ಹತ್ತು ವರ್ಷದ ನಿರ್ವಹಣೆ ಬರವಣಿಗೆಯಲ್ಲಿ. ನಿರ್ವಹಣೆ ಬರೆಯದ ಕಾಮಗಾರಿಗೆ ನಾನಂತೂ ಸಹಿ ಹಾಕೋದಿಲ್ಲ.

ಉಳಿದದ್ದು ಓಡಿಸಿ ಹೇಳ್ತೀನಿ. ಹೆಂಗಸರಿಗೆ ಶೌಚಾಲಯ, ಹೊರಗಿನಿಂದ ಬಾಗಿಲಿರುವಂಥದ್ದು, ದಿನಾ ತೆರೆದಿರುವಂಥದ್ದು. ನೆರಳಿಗೆ ಮರ, ಆದರೆ ಜನ ಹೊರಬರುವ ದಾರಿಯ ನಡುವೆ ಬೇಡ. ಸಾವಿರಾರು ಜನ ಒಟ್ಟಿಗೆ ಬರುವಾಗ ಕಟ್ಟೆಯೂ ಕಾಲಿಗೆ ತೊಡಕು. ಗೇಟುಗಳಿಗೆ ಆಟಗಾರರ ಹೆಸರು, ಗೋವೆಯ ಆಟಗಾರ್ತಿ ಯೋಲಾಂಡಾ ಡಿಸೋಜಾ ಹೆಸರೂ ಒಂದಕ್ಕೆ ಇರಲಿ. ತಿಂಡಿ ಗಾಡಿಯವರನ್ನು ಓಡಿಸಬೇಡಿ, ಅವರಿಗೆ ನಲ್ಲಿ, ದೀಪ, ಗುರುತು ಹಾಕಿದ ಜಾಗ ಕೊಡಿ. ಇಲ್ಲಿನ ರೋಸ್ ಆಮ್ಲೆಟ್ ಪಕ್ಕದಲ್ಲಿ ನಮ್ಮ ಗಿರ್ಮಿಟ್, ಮಿರ್ಚಿ ಭಜಿ ಇದ್ದರೆ ಗೋವೆ ಏನೂ ಕೆಡೋದಿಲ್ಲ.

ಮನವಿಯ ಮೊದಲ ಎರಡು ಬೇಡಿಕೆ ಹೊಡೆದುಹಾಕಿ, ಗೋಡೆ, ಗಟಾರ, ಶೌಚಾಲಯ ಅಂತ ತಿದ್ದಿದ ಪ್ರತಿ ಚಹಾದ ಟೇಬಲ್ಲಿನ ಮೇಲಿದೆ. ಸಹಿಯ ಮುಂದೆ ನಿಮ್ಮ ವಾರ್ಡ್ ಬರೆಯಿರಿ. ವಾರ್ಡ್ ಇಲ್ಲದ ಸಹಿಯನ್ನು ಕಚೇರಿಯವರು ಲೆಕ್ಕಕ್ಕೇ ಹಿಡಿಯೋದಿಲ್ಲ.