ಸಕ್ಕರೆ ತಿಂದು ಮೆಲಟೋನಿನ್ ಕೊಡುವ ಯೀಸ್ಟ್

ಕೇಳುಗರೇ, ನಮಸ್ಕಾರ.

1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮೆಲಟೋನಿನ್ ಕಂಡುಹಿಡಿದರು. ನಮ್ಮ ದೇಹಕ್ಕೆ ರಾತ್ರಿಯಾಯಿತು ಎಂದು ಹೇಳುವ ಹಾರ್ಮೋನು ಅದು. ಅದಕ್ಕಾಗಿ ಅವರ ತಂಡ ದನಗಳ ಮೆದುಳಿನಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಗಳನ್ನು ರಾಶಿರಾಶಿಯಾಗಿ ಅರೆಯಬೇಕಾಯಿತು. ಸಿಕ್ಕಿದ್ದು ಮಾತ್ರ ತೀರಾ ಅತ್ಯಲ್ಪ. 2016ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಅದೇ ಮೆಲಟೋನಿನನ್ನು ಬರೀ ಗ್ಲೂಕೋಸ್ ಕೊಟ್ಟು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೈಲೇ ಮಾಡಿಸಿದರು!

ಹೇಗೆ ಅಂತೀರಾ? ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಯೀಸ್ಟ್ ತಾನೇ ಮಾಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎರಡು ಹೆಜ್ಜೆಗೆ ಮನಸ್ಸಿನ ಸ್ಥಿತಿಯೊಂದಿಗೆ ನಂಟಿರುವ ಸೆರೊಟೋನಿನ್ ಎಂಬ ರಾಸಾಯನಿಕ, ಇನ್ನೆರಡು ಹೆಜ್ಜೆಗೆ ಮೆಲಟೋನಿನ್. ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವ, ಅಂದರೆ ಆ ಬದಲಾವಣೆ ಮಾಡಿಕೊಡುವ ಪ್ರೋಟೀನು ಬೇಕು. ಅವುಗಳ ಜೀನುಗಳನ್ನು ಬೇರೆ ಜೀವಿಗಳಿಂದ ತಂದು ಸೇರಿಸುತ್ತಾರೆ. ಕಷ್ಟ ಇರುವುದು ಮೊದಲ ಹೆಜ್ಜೆಯಲ್ಲೇ. ಟ್ರಿಪ್ಟೊಫ್ಯಾನ್‌ಗೆ ಆಮ್ಲಜನಕ ಅಂಟಿಸುವ ಕಿಣ್ವ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಜೊತೆಗಾರ ಬೇಕು. ಯೀಸ್ಟ್ ಬಳಿ ಅದಿಲ್ಲ. ಹಾಗಾಗಿ ಆ ಜೊತೆಗಾರನನ್ನು ತಯಾರಿಸುವ ಜೀನುಗಳನ್ನೂ ಒಳಗೆ ಸೇರಿಸಬೇಕು. ಇಷ್ಟು ತಾಳ್ಮೆಯ ಕೆಲಸ ನನಗೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಮೆಲಟೋನಿನ್ ನುಂಗಿದರೆ ಮೆದುಳು ತಲುಪುತ್ತದೆ. ಸೆರೊಟೋನಿನ್ ಹಾಗಲ್ಲ. ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯನ್ನು ಅದು ದಾಟುವುದಿಲ್ಲ. ಸುಮ್ನೆ ಮಾತ್ರೆ ಮಾಡಿ ನುಂಗಿದರೆ ಮನಸ್ಸು ಹಗುರವಾಗದು. ಅಂದ ಹಾಗೆ, ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಇರುವುದು ಕರುಳಿನಲ್ಲೇ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅಲ್ಲಿನ ಜೀವಕೋಶಗಳಿಗೆ ಇನ್ನಷ್ಟು ಸೆರೊಟೋನಿನ್ ಮಾಡಲು ಪ್ರಚೋದನೆ ಕೊಡುತ್ತವೆ ಎಂದು 2015ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ ಇಲಿಗಳಲ್ಲಿ ತೋರಿಸಿತು. ಇಲಿಗಳ ಕರುಳಿನ ಚಲನೆಯೂ ಸುಧಾರಿಸಿತು. ಇದನ್ನೇ ಹಿಡಿದುಕೊಂಡು ಖಿನ್ನತೆಗೆ ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ಮಾರುವುದು ಆತುರದ ಕೆಲಸ, ಅಲ್ವಾ?

ಇನ್ನೊಂದು ಘಟನೆ ಹೇಳಲೇಬೇಕು. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫ್ಯಾನ್ ಮಾತ್ರೆ ನುಂಗಿದ ಸಾವಿರಕ್ಕೂ ಹೆಚ್ಚು ಜನ ತೀವ್ರ ಸ್ನಾಯುನೋವಿನ ಕಾಯಿಲೆಗೆ ಬಿದ್ದರು. ಹಲವರು ಸತ್ತೇಹೋದರು. ಹುಡುಕುತ್ತಾ ಹೋದಾಗ ಜಾಡು ಒಂದೇ ತಯಾರಕರತ್ತ ಹೊರಳಿತು. ಅವರು ಟ್ರಿಪ್ಟೊಫ್ಯಾನ್ ಮಾಡಿಸುತ್ತಿದ್ದದ್ದು ಬ್ಯಾಕ್ಟೀರಿಯಾದಿಂದ. ಹೊಸ ತಳಿಯನ್ನು ತಂದಿದ್ದರು, ಶುದ್ಧೀಕರಣಕ್ಕೆ ಬಳಸುವ ಇದ್ದಿಲನ್ನೂ ಕಡಿಮೆ ಮಾಡಿದ್ದರು. ಮಾತ್ರೆಗಳಲ್ಲಿ ಬೇಡದ ಕಲ್ಮಶಗಳು ಸಿಕ್ಕವು. ಆದ್ದರಿಂದ ಸೂಕ್ಷ್ಮಜೀವಿ ಎಷ್ಟು ಜಾಸ್ತಿ ಮಾಡಿತು ಎಂಬ ಲೆಕ್ಕದ ಜೊತೆಗೆ, ಕೊನೆಗೆ ಮಾತ್ರೆಯೊಳಗೆ ಇನ್ನೇನೇನು ಉಳಿಯಿತು ಎಂಬ ಲೆಕ್ಕವನ್ನೂ ನಾನು ಕೇಳುತ್ತೇನೆ. ನೀವೂ ಕೇಳಿ. ನಮಸ್ಕಾರ.