ಕತ್ತಲಲ್ಲಿ ಕೂತು ಮಿನುಗು ಎಣಿಸಿದವರು

[ದೃಶ್ಯ: ಪೂರ್ತಿ ಕತ್ತಲು. ಸಣ್ಣ ಬೆಳಕಿನ ಚುಕ್ಕೆಯೊಂದು ಮಿನುಗಿ ಮಾಯವಾಗುತ್ತದೆ.]

ಕಂಡಿತಾ? ಕಣ್ಣು ಮಿಟುಕಿಸಬೇಡಿ, ಇನ್ನೊಂದು ಬರುತ್ತದೆ.

ಇಂಥ ಚುಕ್ಕೆಗಳನ್ನು ಕತ್ತಲ ಕೋಣೆಯಲ್ಲಿ ಕೂತು ಒಂದೊಂದಾಗಿ ಎಣಿಸಿದವರಿಂದಲೇ ಪರಮಾಣುವಿನ ಒಳಗೆ ಏನಿದೆ ಅಂತ ನಮಗೆ ಗೊತ್ತಾಯಿತು. ಇಸವಿ 1909. ಊರು ಇಂಗ್ಲೆಂಡಿನ ಮ್ಯಾಂಚೆಸ್ಟರ್.

[ದೃಶ್ಯ: ನಿರೂಪಕ, ಹಿಂದೆ ಕರಿಹಲಗೆ.]

ನಮಸ್ಕಾರ. ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಅಂತ ಶಾಲೆಯಲ್ಲಿ ಸಾಲಾಗಿ ಬಾಯಿಪಾಠ ಮಾಡಿದ್ದೇವೆ. ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗುವಾಗ ಪಟ್ಟ ಪಾಡು ಮಾತ್ರ ಆ ಪಾಠದಲ್ಲಿ ಇರಲೇ ಇಲ್ಲ. ನನಗೆ ತುಂಬಾ ಇಷ್ಟವಾದದ್ದು ಆ ಪಾಡೇ.

ಪರಮಾಣು ಅನ್ನುವ ಪದ ನಮ್ಮಲ್ಲಿ ಬಹಳ ಹಳೆಯದು. ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ತೇಲುತ್ತದೆ, ಅಲ್ವಾ? ಆ ಧೂಳಿಗಿಂತ ಚಿಕ್ಕದಾದ, ಇನ್ನು ಒಡೆಯಲು ಬಾರದ ಕಣವನ್ನು ವೈಶೇಷಿಕ ದರ್ಶನದವರು ಪರಮಾಣು ಅಂದರು. ಗ್ರೀಸಿನ ಡೆಮಾಕ್ರಿಟಸ್ ಕೂಡ ಹೆಚ್ಚುಕಡಿಮೆ ಇಂಥದ್ದೇ ಮಾತು ಹೇಳಿದ್ದ. ಇವೆಲ್ಲ ಯೋಚಿಸಿ ಹೇಳಿದ ಮಾತುಗಳು. ತೂಗಿ, ಲೆಕ್ಕ ಹಾಕಿ ಹೇಳಲು 1808ರಲ್ಲಿ ಪುಸ್ತಕ ಹೊರತಂದ ಜಾನ್ ಡಾಲ್ಟನ್ ಬರಬೇಕಾಯಿತು. ಅವರು ಕೆಲಸ ಮಾಡಿದ್ದೂ ಮ್ಯಾಂಚೆಸ್ಟರಿನಲ್ಲೇ.

1897ರಲ್ಲಿ ಕೇಂಬ್ರಿಡ್ಜಿನ ಜೆ. ಜೆ. ಥಾಮ್ಸನ್ ಅವರಿಗೆ ಎಲೆಕ್ಟ್ರಾನ್ ಸಿಕ್ಕಿತು. ಪರಮಾಣುವಿಗಿಂತ ಚಿಕ್ಕದು, ಋಣ ವಿದ್ಯುತ್ತಿನದು. ಹಾಗಾದರೆ ಧನ ವಿದ್ಯುತ್ ಎಲ್ಲಿ? ಕಲ್ಲಂಗಡಿಯ ತಿರುಳಿನ ಹಾಗೆ ಪೂರ್ತಿ ಹರಡಿದೆ, ಬೀಜಗಳ ಹಾಗೆ ಎಲೆಕ್ಟ್ರಾನುಗಳು ನಡುವೆ ಕೂತಿವೆ ಅನ್ನುವ ಹಾಗೆ ಥಾಮ್ಸನ್ ಯೋಚಿಸಿದರು. ಆಗ ಅದು ಒಪ್ಪುವಂಥ ಮಾತೇ ಆಗಿತ್ತು.

[ದೃಶ್ಯ: ಚಿನ್ನದ ಹಾಳೆ, ಅದರ ಸುತ್ತ ತಿರುಗುವ ಸೂಕ್ಷ್ಮದರ್ಶಕ. ಅನಿಮೇಶನ್.]

ಈಗ ಆ ಕತ್ತಲ ಕೋಣೆಗೆ ಬನ್ನಿ. ರುದರ್‌ಫೋರ್ಡ್ ಅವರ ಪ್ರಯೋಗಾಲಯ. ಕೆಲಸ ಮಾಡುತ್ತಿರುವವರು ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡೆನ್. ಮಾರ್ಸ್‌ಡೆನ್‌ಗೆ ಆಗ ಬರೀ 20 ವರ್ಷ, ಇನ್ನೂ ಡಿಗ್ರಿ ವಿದ್ಯಾರ್ಥಿ. ರೇಡಿಯಂನಂಥ ವಸ್ತುಗಳಿಂದ ಹೊಮ್ಮುವ, ಧನ ವಿದ್ಯುತ್ತಿನ ಆಲ್ಫಾ ಕಣಗಳು ಸೆಕೆಂಡಿಗೆ ಸುಮಾರು 20 ಸಾವಿರ ಕಿಲೋಮೀಟರ್ ವೇಗದಲ್ಲಿ ತೆಳ್ಳನೆಯ ಲೋಹದ ಹಾಳೆಗೆ ಬಡಿಯುತ್ತವೆ. ಆಚೆ ಬಂದ ಕಣ ಸತು ಸಲ್ಫೈಡ್ ಬಳಿದ ಪರದೆಗೆ ತಾಗಿದರೆ ಒಂದು ಚುಕ್ಕೆ ಮಿನುಗುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಬೇಕು. ಮೊದಲು ಕಣ್ಣು ಕತ್ತಲೆಗೆ ಒಗ್ಗಬೇಕು. ಸ್ವಲ್ಪ ಹೊತ್ತು ಎಣಿಸುವಷ್ಟರಲ್ಲೇ ಕಣ್ಣು ಸೋಲುತ್ತದೆ. ಮುಂದೆ ಇದೇ ಗೈಗರ್ ತಾನಾಗಿಯೇ ಎಣಿಸುವ ಯಂತ್ರ ಮಾಡಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಕಲ್ಲಂಗಡಿಯ ಲೆಕ್ಕ ಸರಿಯಿದ್ದರೆ ಕಣಗಳು ಹೆಚ್ಚುಕಡಿಮೆ ನೇರವಾಗಿ ದಾಟಬೇಕು. ಬಹುಪಾಲು ದಾಟಿದವು ಕೂಡ. ಆದರೆ ಹಾಳೆಯ ಈಚೆ ಬದಿಗೂ ಪರದೆ ಇಟ್ಟು ನೋಡಿದರೆ ಅಲ್ಲೂ ಚುಕ್ಕೆ! ಪ್ಲಾಟಿನಂ ಹಾಳೆಯಲ್ಲಿ ಸುಮಾರು 8,000 ಕಣಗಳಲ್ಲಿ ಒಂದು ವಾಪಸ್ ಬರುತ್ತಿತ್ತು. ಟಿಶ್ಯೂ ಕಾಗದಕ್ಕೆ ಫಿರಂಗಿ ಗುಂಡು ಹೊಡೆದಾಗ ಅದು ತಿರುಗಿ ಬಂದು ನಮಗೇ ಬಡಿದ ಹಾಗಿತ್ತು ಅಂತ ರುದರ್‌ಫೋರ್ಡ್ ಆಮೇಲೆ ನೆನಪಿಸಿಕೊಂಡರು.

ಅವರಿಗೆ ಲೆಕ್ಕ ಕೂಡಿಸಲು 1911 ಬೇಕಾಯಿತು. ಅಷ್ಟು ವೇಗದ ಕಣವನ್ನು ಹಿಂದಕ್ಕೆ ತಳ್ಳಬೇಕಾದರೆ ಧನ ವಿದ್ಯುತ್ತೂ ತೂಕವೂ ಒಂದೇ ಕಡೆ ಒತ್ತೊತ್ತಾಗಿ ಇರಬೇಕು. ಅದೇ ಪರಮಾಣುವಿನ ಬೀಜ, ಅಂದರೆ ನ್ಯೂಕ್ಲಿಯಸ್.

[ದೃಶ್ಯ: ಕ್ರಿಕೆಟ್ ಮೈದಾನದ ನಡುವೆ ಒಂದು ಕಡಲೆಕಾಳು.]

ಚಿನ್ನದ ಪರಮಾಣು ಕ್ರಿಕೆಟ್ ಮೈದಾನದಷ್ಟಿದ್ದರೆ ಅದರ ಬೀಜ ಪಿಚ್ ಮೇಲಿನ ಒಂದು ಕಡಲೆಕಾಳು. ತೂಕದಲ್ಲಿ ಶೇಕಡಾ 99.9ಕ್ಕಿಂತ ಜಾಸ್ತಿ ಆ ಕಾಳಿನದೇ! ಬಳೆಯೊಂದನ್ನು ಕೈಯಲ್ಲಿ ಹಿಡಿದು ಇದನ್ನು ನೆನೆಸಿಕೊಂಡಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಒಂದು ತೊಡಕು ಉಳಿಯಿತು. ಎಲೆಕ್ಟ್ರಾನ್ ಬೀಜದ ಸುತ್ತ ಸುತ್ತುತ್ತಿದ್ದರೆ, ಬೆಳಕು ಚೆಲ್ಲುತ್ತಾ ಶಕ್ತಿ ಕಳೆದುಕೊಂಡು ಕ್ಷಣದಲ್ಲೇ ಬೀಜದೊಳಗೆ ಬೀಳಬೇಕಿತ್ತು. ಬೀಳುವುದಿಲ್ಲವಲ್ಲ, ಯಾಕೆ? 1913ರಲ್ಲಿ ನೀಲ್ಸ್ ಬೋರ್, ಎಲೆಕ್ಟ್ರಾನಿಗೆ ಇಂತಿಷ್ಟೇ ಕಕ್ಷೆಗಳು, ನಡುವೆ ಎಲ್ಲೂ ನಿಲ್ಲುವಂತಿಲ್ಲ ಅಂದರು. ಹೈಡ್ರೋಜನ್ ಚೆಲ್ಲುವ ಬೆಳಕಿನ ಬಣ್ಣಗಳು ಆ ಲೆಕ್ಕಕ್ಕೆ ಸರಿಯಾಗಿ ಹೊಂದಿದವು. ಎಲೆಕ್ಟ್ರಾನ್ ಜಾಸ್ತಿಯಿದ್ದ ಪರಮಾಣುಗಳಲ್ಲಿ ಹೊಂದಲಿಲ್ಲ.

[ದೃಶ್ಯ: ನಿರೂಪಕ ಹಲಗೆಯ ಮೇಲೆ ಬೀಜ, ಸುತ್ತ ಒಂದು ವೃತ್ತ ಬರೆಯುತ್ತಾರೆ.]

ನಮ್ಮ ನೋಟ್‌ಬುಕ್ಕಿನಲ್ಲಿ ಇದ್ದದ್ದು ಈ ಚಿತ್ರ. 1926ರಲ್ಲಿ, ಎಲೆಕ್ಟ್ರಾನನ್ನು ಅಲೆಯ ಹಾಗೆ ಲೆಕ್ಕ ಹಾಕುವ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಇದನ್ನು ಹೀಗೆ ಮಾಡಬೇಕಾಯಿತು.

[ದೃಶ್ಯ: ಅಂಗೈಯಿಂದ ವೃತ್ತವನ್ನು ಒರೆಸುತ್ತಾರೆ. ಸೀಮೆಸುಣ್ಣ ಮಬ್ಬಾಗಿ ಹರಡುತ್ತದೆ.]

ಗೆರೆ ಹೋಯಿತು, ಪುಡಿ ಉಳಿಯಿತು. ಪುಡಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಎಲೆಕ್ಟ್ರಾನ್ ಸಿಗುವ ಸಂಭವ ಜಾಸ್ತಿ. ತೆಳುವಾಗಿರುವ ಕಡೆ ಕಡಿಮೆ.